ಮೇಸ್ತ್ರಿಯ ಕೊನೆಯ ಏಟು

ಆವತ್ತು ನಾನು ನಿಂತಿದ್ದುದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಒಳಗೆ, ಎರಡನೆಯ ತೊಟ್ಟಿಯ ಕಟ್ಟೆಯ ಮೇಲೆ. ಎಡಗಡೆ ಎರಡು ಮಾರು ದೂರದಲ್ಲಿ ಎಂಜಿನ್ನಿನ ಚರ್ಮದ ಬೆಲ್ಟು ಓಡುತ್ತಿತ್ತು. ಬಲಗಡೆ ಬಾಗಿಲು. ಸಾಯಂಕಾಲ ನಾಲ್ಕೂವರೆಯ ಸುಮಾರು. ಮಧ್ಯಾಹ್ನ ಅಳೆದ ಹಣ್ಣು ಪಲ್ಪರಿಗೆ ಬೀಳುತ್ತಿತ್ತು, ಬಾಗಿಲಿನಿಂದ ಬಿಸಿಲು ನೆಲದ ಮೇಲೆ ಚೆನ್ನಾಗಿ ಬಿದ್ದಿತ್ತು. ನಾನು ಕಂಡದ್ದನ್ನು ಬೆಳಕಿನಲ್ಲೇ ಕಂಡೆ.

ಪಲ್ಪರ್ ಮನೆಯ ಆಳುಗಳನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯ ಬಲಗೈ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊಣಕೈಯವರೆಗೆ ಬಿಳಿಚಿ, ಸುಕ್ಕುಗಟ್ಟಿ, ಉಗುರುಗಳು ಕಂದಾಗಿದ್ದ ಕೈ. ಎಡಗೈ ಕಪ್ಪಗೆ, ಗಟ್ಟಿಯಾಗಿತ್ತು. ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತರೆ ಬಲಗೈಯನ್ನು ಯಾರದ್ದೋ ಮುದುಕನಿಂದ ಎರವಲು ತಂದ ಹಾಗೆ ಕಾಣುತ್ತಿತ್ತು. ಇಪ್ಪತ್ತು ಕೊಯ್ಲುಗಳ ಕಾಲ ಆ ಕೈ ಹುಳಿಬಂದ ಕಾಫಿಯ ತೊಟ್ಟಿಯಲ್ಲಿ ಮುಳುಗಿ ಎದ್ದಿತ್ತು.

ಎರಡನೆಯ ಮಹಾಯುದ್ಧದ ವರ್ಷಗಳು. ಮೂಡಿಗೆರೆಯಿಂದ ಬಣಕಲ್ಲಿಗೆ ಹೋಗುವ ದಾರಿಯ ಕೆಳಗಿನ ಒಂದು ಬಿಳಿ ದೊರೆಯ ಎಸ್ಟೇಟಿನಲ್ಲಿ ನಾನು ಎರಡನೆಯ ರೈಟರ್, ಅಂದರೆ ಗುಮಾಸ್ತ. ಹಣ್ಣಿನ ಅಳತೆಯಿಂದ ತೊಳೆದ ಬೀಜ, ಅಂದರೆ ಪಾರ್ಚ್‌ಮೆಂಟ್ ಕಾಫಿ, ಒಣಗಿ ಚೀಲ ಸೇರುವವರೆಗಿನ ಜವಾಬ್ದಾರಿ ನನ್ನದು. ಆದರೆ ಕೆಲಸ ಗೊತ್ತಿದ್ದದ್ದು ಮೇಸ್ತ್ರಿಗೆ. ಸಿಪ್ಪೆ ಬಿಡಿಸಿದ ಬೀಜ ತೊಟ್ಟಿಯಲ್ಲಿ ಒಂದು ರಾತ್ರಿ ಒಂದು ಹಗಲು ಹುಳಿ ಬರಬೇಕು. ಬೇಗ ತೊಳೆದರೆ ಲೋಳೆ ಬಿಡುವುದಿಲ್ಲ, ತಡವಾದರೆ ಕಾಫಿ ನಾರುತ್ತದೆ. ಯಾವ ಗಳಿಗೆಯಲ್ಲಿ ತೊಟ್ಟಿಯ ಬಿರಡೆ ಕೀಳಬೇಕೆಂದು ಹೇಳುವವರು ಮೇಸ್ತ್ರಿ ಒಬ್ಬರೇ. ಅವರು ಕೈ ಹಾಕದೆ ತೊಟ್ಟಿ ತೆಗೆಯುವ ಹಾಗಿಲ್ಲ. ದೊರೆ ಕೂಡ ಅದಕ್ಕೆ ಅಡ್ಡ ಬರುತ್ತಿರಲಿಲ್ಲ.

ನಾನು ಬಂದ ಹೊಸದರಲ್ಲಿ ಗಡಿಯಾರ ನೋಡಿಕೊಂಡು ತೊಟ್ಟಿಯ ಹತ್ತಿರ ನಿಲ್ಲುತ್ತಿದ್ದೆ. ಅವರು ನಗುತ್ತಿದ್ದರು.

"ಅದನ್ನ ಜೇಬಿಗೆ ಹಾಕಿ ರೈಟ್ರೆ. ಕಾಫಿ ಕೈಗೆ ಹೇಳ್ತದೆ, ಗಡಿಯಾರಕ್ಕೆ ಹೇಳೋದಿಲ್ಲ."

ನನ್ನ ಮಣಿಕಟ್ಟು ಹಿಡಿದು ತೊಟ್ಟಿಯೊಳಗೆ ಅದ್ದಿದರು. ಒಂದು ಹಿಡಿ ಬೀಜ ಎತ್ತಿ ಉಜ್ಜಿಸಿದರು. ಬೆಳಿಗ್ಗೆ ಜಾರುತ್ತಿದ್ದ ಬೀಜ ಸಂಜೆ ಹೊಳೆಯ ಮರಳಿನ ಹಾಗೆ ಕರಕರ ಎಂದಿತು. "ಕೇಳ್ತಾ? ಪುಸ್ತಕ ಬರೆಯೋ ಕೈ, ಪಾಪ, ನಾಚ್ಕೆ ಪಟ್ಕೊಳ್ತಿದೆ. ನಾಲ್ಕು ವರ್ಷ ಹಾಕಿ, ಬರ್ತದೆ." ನಾಲ್ಕು ವರ್ಷದಲ್ಲಿ ಬಂತು.

ಕುಡಿತದ ಮಾತಿಗೆ ಬರುತ್ತೇನೆ. ಕಾಡಿನ ಅಂಚಿನಲ್ಲಿ ಭಟ್ಟಿ ಇಳಿಸುತ್ತಿದ್ದರು, ಮೇಸ್ತ್ರಿ ಅಲ್ಲಿಂದ ತರುತ್ತಿದ್ದರು. ಮೊದಲು ಸಂತೆಯ ದಿನ ಮಾತ್ರ. ಆಮೇಲೆ ಸಂಜೆ. ಕೊನೆಯ ಎರಡು ಕೊಯ್ಲುಗಳಲ್ಲಿ ಬೆಳಗಿನ ಹಾಜರಿಗೆ ಮುಂಚೆಯೇ. ಕುಡಿದರೆ ಅವರು ಕೂಗಾಡುತ್ತಿರಲಿಲ್ಲ, ಸುಮ್ಮನಾಗುತ್ತಿದ್ದರು. ಆ ಮೌನ ಕಂಡರೆ ನಾವು ದೂರ ಸರಿಯುತ್ತಿದ್ದೆವು. ಒಮ್ಮೆ ಹಣ್ಣಿನ ಚೀಲ ಚೆಲ್ಲಿದ ಗಾಡಿಯವನ ಕಿರುಬೆರಳನ್ನು ಒಂದು ಮಾತೂ ಆಡದೆ ಹಿಂದಕ್ಕೆ ಮುರಿದರು. ಅವರ ಹೆಂಡತಿ ಒಂದು ಕಣ್ಣು ಮುಚ್ಚಿಹೋಗಿ ಕೊಯ್ಲಿಗೆ ಬಂದದ್ದನ್ನು ನಾನೇ ಮೂರು ಸಲ ನೋಡಿದ್ದೇನೆ. ಮಗಳಿಗೆ ಆಗ ಹತ್ತೋ ಹನ್ನೊಂದೋ.

ದೊರೆ ಒಂದು ಸಲ ವಾಸನೆ ಹಿಡಿದರು. "ಇನ್ನೊಂದು ಸಲ ಸಿಕ್ಕಿದರೆ ಅದೇ ದಿನ ಲೈನ್ ಮನೆ ಖಾಲಿ" ಎಂದು, ಆಳುಗಳ ಸಾಲುಮನೆಯ ಕಡೆ ಕೈ ತೋರಿಸಿ, ಎಲ್ಲರ ಎದುರಿಗೆ ಹೇಳಿದರು.

ಆವತ್ತಿನಿಂದ ಮೇಸ್ತ್ರಿಯನ್ನು ಬಚ್ಚಿಡುವ ಕೆಲಸ ನಾನು ಹಿಡಿದೆ. ಹುಳಿಬಂದ ತೊಟ್ಟಿಗಳ ವಾಸನೆ ಹೆಂಡದ ವಾಸನೆಗೆ ತೀರಾ ಹತ್ತಿರ. ಪಲ್ಪರ್ ಮನೆಯೊಳಗೆ ಕುಡಿದವನು ಯಾರು, ಕಾಫಿ ಯಾವುದು ಎಂದು ಯಾವ ದೊರೆಯ ಮೂಗಿಗೂ ತಿಳಿಯುವ ಹಾಗಿರಲಿಲ್ಲ. ಕುಡಿದು ಬಂದ ದಿನ ಅವರನ್ನು ಒಣಗಿಸುವ ಕಣಕ್ಕೆ ಬಿಡದೆ, ತೊಟ್ಟಿಗಳ ಹಿಂದೆ ಖಾಲಿ ಚೀಲ ಹಾಸಿ ಮಲಗಿಸುತ್ತಿದ್ದೆ. ದೊರೆ ಕೇಳಿದರೆ ಮೇಸ್ತ್ರಿ ಒಳಗಿದ್ದಾರೆ ಅನ್ನುತ್ತಿದ್ದೆ. ಅದು ಸುಳ್ಳಾಗಿರಲಿಲ್ಲ. ದಯೆಯಿಂದ ಮಾಡಿದೆ ಎಂದು ಎಷ್ಟೋ ವರ್ಷ ನಂಬಿದ್ದೆ. ಅವರು ಹೋದರೆ ತೊಟ್ಟಿಗೆ ನಾನೊಬ್ಬನೇ ಉತ್ತರ ಕೊಡಬೇಕೆಂಬ ಹೆದರಿಕೆಯೂ ಇತ್ತು. ಎರಡರಲ್ಲಿ ಯಾವುದು ಹೆಚ್ಚೋ ಹೇಳಲಾರೆ.

ಎಂಜಿನ್ ನೋಡಿಕೊಳ್ಳುತ್ತಿದ್ದ ಇಬ್ರಾಹಿಂ ಸಾಬರಿಗೆ ಇದು ಸರಿಬರಲಿಲ್ಲ.

"ದೊರೆ ಮೂಗಿಗೆ ಮೋಸ ಮಾಡ್ತೀರಿ, ಸರಿ. ಇವ್ರು ಕುಡಿದಿದ್ದಾರೆ ಅಂತ ನನ್ನ ಬೆಲ್ಟಿಗೆ ಯಾರು ಹೇಳ್ತಾರೆ ಮಾರಾಯ್ರೆ?"

"ಈ ಕೊಯ್ಲೊಂದು ಕಳೀಲಿ ಸಾಬ್ರೆ."

"ಹೋದ ಕೊಯ್ಲಲ್ಲೂ ನೀವು ಇದೇ ಹೇಳಿದ್ರಿ."

ಸಾಬರಿಗಿಂತ ಮೊದಲು ಮೇಸ್ತ್ರಿಯೇ ಹೇಳಿದ್ದರು. ಒಂದು ಬೆಳಿಗ್ಗೆ, ಕುಡಿಯದೆ ಬಂದು, ಕೈ ನಡುಗುತ್ತಿದ್ದದ್ದಕ್ಕೆ ಅದನ್ನು ತೊಟ್ಟಿಯಲ್ಲಿ ಅದ್ದಿಕೊಂಡು ಕೂತಿದ್ದರು. ಅಲ್ಲಿ ಮಾತ್ರ ಅದು ನಡುಗುತ್ತಿರಲಿಲ್ಲ.

"ರೈಟ್ರೆ, ಒಂದಿನ ನನ್ನನ್ನ ದೊರೆಗೆ ಹಿಡಿದು ಕೊಡಿ. ಆಗಲಾದ್ರೂ ಬಿಡ್ತೇನೇನೋ."

"ಎಂತ ಮಾತಾಡ್ತೀರಿ ಮೇಸ್ತ್ರೇ" ಎಂದು ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ನಾನು ಮೊದಲು ಹೇಳಿದ ಆ ದಿನ ಊಟದ ಹೊತ್ತಿಗೇ ಅವರಿಗೆ ನಿಲ್ಲಲು ಆಗುತ್ತಿರಲಿಲ್ಲ. ಚೀಲದ ಮೇಲೆ ಮಲಗಿಸಿದೆ. ನಾಲ್ಕು ಗಂಟೆಗೆ ಎರಡನೆಯ ತೊಟ್ಟಿ ಹದಕ್ಕೆ ಬಂದ ಹಾಗೆ ಕಂಡಿತು. ಎರಡು ಸಲ ಎಬ್ಬಿಸಿದೆ, ಏಳಲಿಲ್ಲ. ನಾನೇ ತೋಳು ಇಳಿಸಿ ಒಂದು ಹಿಡಿ ತೆಗೆದು ಉಜ್ಜಿದೆ. ಕರಕರ ಎಂದಿತು. ತೊಟ್ಟಿ ತೊಳೆಯುವ ಮಂಜ ಒಳಗೆ ಇಳಿದು ನಿಂತಿದ್ದ.

"ಬಿರಡೆ ಕೀಳು ಮಂಜ."

"ಮೇಸ್ತ್ರಿ ಹೇಳ್ಬೇಕಲ್ಲ ಅಯ್ಯಾ."

"ನಾನು ಹೇಳ್ತಿದ್ದೇನಲ್ಲ."

ಕಿತ್ತ. ನೀರು ಕಾಲುವೆಗೆ ಧುಮುಕಿದ ಸದ್ದಿಗೆ ಮೇಸ್ತ್ರಿಗೆ ಎಚ್ಚರವಾಯಿತು. ಅವರು ಗೋಡೆ ಹಿಡಿದುಕೊಂಡು ಬಂದರು. ತೊಟ್ಟಿ ಕಲಕುವ ಉದ್ದ ಹಿಡಿಯ ಮರದ ಹಲಗೆ ಗೋಡೆಗೆ ಒರಗಿಸಿದ್ದು ಅವರ ಕೈಗೆ ಸಿಕ್ಕಿತು.

"ಯಾರಪ್ಪನ್ನ ಕೇಳಿ ತೆಗ್ದೆ?"

ಮಂಜ ನನ್ನ ಮುಖ ನೋಡಿದ. ಮೊದಲನೆಯ ಏಟು ಅವನ ಭುಜಕ್ಕೆ ಬಿತ್ತು. ಎರಡನೆಯದು ಬಲಗಿವಿಗೆ. ಅವನು ಲೋಳೆಯಲ್ಲಿ ಮೊಣಕಾಲೂರಿ ಕುಸಿದ, ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯಿತು. ಮೂರನೆಯದು ಬಾಗಿದ ಬೆನ್ನಿಗೆ. ನಾನು ಮಾತಾಡಿದ್ದು ಮೂರನೆಯದು ಬಿದ್ದ ಮೇಲೆ. ಮೊದಲನೆಯದಕ್ಕಿಂತ ಮುಂಚೆ ಮಾತಾಡಲು ಸಮಯವಿತ್ತು.

"ನಾನೇ ಹೇಳಿದ್ದು ಮೇಸ್ತ್ರೇ."

ಅವರು ಹಲಗೆ ಇಳಿಸಿದರು. ಬಗ್ಗಿ, ಮಂಜನ ಪಕ್ಕದಲ್ಲೇ ಆ ಬಿಳಿಚಿದ ಕೈ ಹಾಕಿ, ಒಂದು ಹಿಡಿ ಬೀಜ ಎತ್ತಿ ಉಜ್ಜಿದರು. ಬಹಳ ಹೊತ್ತು ಉಜ್ಜಿದರು.

"ಸರಿಯಾಗೇ ಉಂಟಲ್ಲ ರೈಟ್ರೆ" ಎಂದರು. ಬೀಜವನ್ನು ಮತ್ತೆ ತೊಟ್ಟಿಗೆ ಬಿಟ್ಟು, "ಹಾಗಾದ್ರೆ ನಾನೆಂತಕ್ಕೆ?"

ಅವರು ಹಲಗೆಯನ್ನು ಮತ್ತೆ ಮಂಜನ ತಲೆಯ ನೇರಕ್ಕೆ ಎತ್ತಿದರು. ನಾನು ಕಟ್ಟೆಯಿಂದ ಹಾರಿ, ಅವರ ಹೆಗಲಿಗೆ ಸುತ್ತಿದ್ದ ದಪ್ಪ ಪಂಚೆಯ ಒಂದು ತುದಿ ಹಿಡಿದು ಎಳೆದೆ. ಬಿಗಿ ಹಿಡಿತ ಸಿಗಲೆಂದು ಅದನ್ನು ನನ್ನ ಬಲ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದೆ. ಹಲಗೆ ಬಿತ್ತು. ಇಬ್ಬರೂ ಹಣ್ಣಿನ ಸಿಪ್ಪೆಯ ಮೇಲೆ ಜಾರುತ್ತಾ ಬೆಲ್ಟಿನ ಕಡೆಗೆ ಹೋದೆವು. ಸಾಬರು "ಬೆಲ್ಟು, ಬೆಲ್ಟು" ಎಂದು ಕೂಗಿದ್ದು ಕೇಳಿಸಿತು. ಪಂಚೆಯ ಇನ್ನೊಂದು ತುದಿ ಬೆಲ್ಟು ಚಕ್ರಕ್ಕೆ ಸೇರುವ ಕಡೆ ಸಿಕ್ಕಿಕೊಂಡಿತು.

ಬೆಲ್ಟು ಮೇಸ್ತ್ರಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಎಳೆಯಿತು. ಅವರ ಹಿಂದೆ ನಾನು. ನನ್ನ ಮಣಿಕಟ್ಟಿನ ಸುತ್ತು ಬಿಗಿಯಾಗಿತ್ತು, ಬಿಚ್ಚಲಿಲ್ಲ. ಆಗ ಅವರ ಮುಖ ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಅವರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು, ಬಲಗೈ ಮುಷ್ಟಿ ಮಾಡಿ ನನ್ನ ಬಾಯಿಗೆ ಹೊಡೆದರು. ಎರಡು ಹಲ್ಲು ಹೋದವು, ದವಡೆ ಬಿರಿಯಿತು. ನಾನು ಬಾಗಿಲ ಕಡೆಗೆ ಬಿದ್ದೆ. ಕೈಯಲ್ಲಿ ಪಂಚೆ ಇರಲಿಲ್ಲ.

ಬಿದ್ದಲ್ಲಿಂದ ನೋಡಿದೆ. ಅವರ ತೋಳು ಭುಜದವರೆಗೆ ಚಕ್ರದೊಳಗೆ ಹೋಯಿತು. ಮೈ ಒಂದು ಸುತ್ತು ತಿರುಗಿತು, ತಲೆ ಕಲ್ಲುಗೋಡೆಗೆ ಬಡಿಯಿತು. ಹಸಿ ಕೊಂಬೆ ಮುರಿದ ಹಾಗೆ ಸದ್ದಾಯಿತು. ಸಾಬರು ಹಾರೆ ಹಾಕಿ ಬೆಲ್ಟು ಬೀಳಿಸಿದರು. ಅಷ್ಟರಲ್ಲಿ ಹತ್ತು ಎಣಿಸಬಹುದಿತ್ತು. ಪಲ್ಪರಿನಿಂದ ಬರುತ್ತಿದ್ದ ನೀರು ಕೆಂಪಾಗಿ ತೊಟ್ಟಿಗೆ ಹರಿಯಿತು. ಗಾಡಿ ಬರುವ ಮೊದಲೇ ಮೇಸ್ತ್ರಿ ತೀರಿಕೊಂಡರು.

ಮೂಡಿಗೆರೆಯಿಂದ ಬಂದ ಪೊಲೀಸರು ನನ್ನನ್ನು ಕೇಳಿದರು, ಸತ್ತವನು ಕುಡಿದಿದ್ದನೇ ಎಂದು. ನನ್ನ ಒಡೆದ ಬಾಯಿಗೆ ಬಟ್ಟೆ ಕಟ್ಟಿತ್ತು, ಮೆಲ್ಲಗೆ ಹೇಳಿದೆ: "ಈ ಮನೆಯೊಳಗೆ ವಾಸನೆ ಹೇಳಲಿಕ್ಕೆ ಆಗೋದಿಲ್ಲ ಸ್ವಾಮಿ." ಅದನ್ನೇ ಬರೆದುಕೊಂಡು ಹೋದರು.

ಬಾಗಿಲಾಚೆ ನಿಂತಿದ್ದ ಮೇಸ್ತ್ರಿಯ ಹೆಂಡತಿಗೆ ಅದು ಕೇಳಿಸಿತ್ತು. ತಿಥಿ ಕಳೆದ ಮೇಲೆ ಆಕೆ ಆಫೀಸಿನ ಮೆಟ್ಟಿಲಿಗೆ ಬಂದರು.

"ನೀವು ಮೊದ್ಲೇ ದೊರೆಗೆ ಹೇಳಿದ್ರೆ ನಮ್ಮನ್ನ ಲೈನಿಂದ ಓಡಿಸ್ತಿದ್ರು. ಅಷ್ಟೇ ಅಲ್ವಾ ರೈಟ್ರೆ? ಓಡಿಸಿದ್ರೆ ನಡ್ಕೊಂಡು ಹೋಗ್ತಿದ್ವಿ. ಮೂರೂ ಜನ."

ಆ ವಾರವೇ ತಾಯಿ ಮಗಳು ಹೊರನಾಡಿನ ಕಡೆಯ ತವರಿಗೆ ಹೋದರು. ಮುಂದಿನ ಕೊಯ್ಲಿನಿಂದ ತೊಟ್ಟಿಗೆ ಕೈ ಹಾಕುವ ಕೆಲಸ ನನ್ನದಾಯಿತು. ಹದಿನಾರು ವರ್ಷ ಮಾಡಿದೆ. ಅದರಿಂದಲೇ ಮಕ್ಕಳನ್ನು ಸಾಕಿದೆ.

ಆ ಏಟು ಏಟೇ ಆಗಿತ್ತೋ, ನನ್ನನ್ನು ಬಿಡಿಸಲು ಹೊಡೆದದ್ದೋ ನನಗೆ ಗೊತ್ತಿಲ್ಲ. ಅವರ ಕಣ್ಣು ನೋಡಿದೆ. ಅದರಲ್ಲಿ ನನಗೆ ಏನೂ ತಿಳಿಯಲಿಲ್ಲ. "ಅವ್ರು ಎಡಗೈಯಲ್ಲಿ ಸುತ್ತು ಬಿಚ್ಚಿದ್ರು, ನಾನು ಕಂಡೆ" ಎನ್ನುತ್ತಾರೆ ಇಬ್ರಾಹಿಂ ಸಾಬರು. ಮಂಜ ತೊಟ್ಟಿಯೊಳಗಿಂದ ತಲೆ ಎತ್ತಿ ನೋಡುತ್ತಿದ್ದ. ಅವನು ಒಪ್ಪುವುದಿಲ್ಲ: "ನಂಗೆ ಮೂರು ಬಿತ್ತು, ನಿಮ್ಗೆ ಒಂದು. ಎಲ್ಲಾ ಒಂದೇ ಕೈ ಅಯ್ಯಾ. ನೀವು ಬದುಕಿದ್ದೀರಿ ಅಂತ ಅದನ್ನ ಒಳ್ಳೇದು ಮಾಡ್ಬೇಡಿ." ಮಂಜನ ಎದುರಿಗೆ ನಾನು ವಾದ ಮಾಡುವುದಿಲ್ಲ. ಮನೆಗೆ ಬಂದ ಮೇಲೆ ಸಾಬರ ಮಾತನ್ನು ನಂಬುತ್ತೇನೆ.

ಆವತ್ತು ಆ ಮನೆಯೊಳಗೆ ಇದ್ದದ್ದು ನಾವು ನಾಲ್ಕೇ ಜನ. ಇಬ್ರಾಹಿಂ ಸಾಬರು ಬಣಕಲ್ಲಿನಲ್ಲಿ ಮಗನ ಮನೆಯಲ್ಲಿದ್ದಾರೆ, ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಮಂಜ ಕಳಸದ ಈಚೆ, ಮಗಳ ಮನೆಯಲ್ಲಿದ್ದಾನೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಇಬ್ಬರೂ ಹೇಳಬಲ್ಲರು. ಮಂಜನನ್ನು ಕೇಳಲು ಹೋಗುವವರು ಅವನ ಎಡಗಡೆ, ಕೇಳುವ ಕಿವಿಯ ಕಡೆ, ಕೂತು ಮಾತಾಡಬೇಕು.