ಮಂಡಿನೋವು ವಿಚಾರಿಸಿದ ಜಾಹೀರಾತು

ಮಣಿಪಾಲದಲ್ಲಿ ನಾನು ಅಂಗಡಿಯವರ ಜಾಹೀರಾತು ಮೇಲ್ ಕಳಿಸುತ್ತಿದ್ದ ಕಾಲವದು. ಕಾಪುವಿನಲ್ಲಿ ಬೇಕರಿ ಇಟ್ಟಿದ್ದ ಲಿಲ್ಲಿ ಬಾಯಿ ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿ ಮಾಡುತ್ತಿದ್ದರು. ದುಬೈಯಲ್ಲಿದ್ದ ಊರಿನವರು ಇಲ್ಲಿನ ತಮ್ಮ ಮನೆಗೆ ತರಿಸಲಿ ಎಂದು ನಾನು ಕಳಿಸಿದ ಮೇಲ್‌ಗಳೆಲ್ಲ ಸ್ಪಾಮಿಗೆ ಹೋಗಿ ಬೀಳುತ್ತಿದ್ದವು. ಹಬ್ಬ ಹತ್ತಿರ ಬಂದರೂ ಆರ್ಡರ್ ಇಲ್ಲ. 'ಆಫರ್' ಎಂಬ ಪದ ತೆಗೆದೆ, 'ಉಚಿತ' ತೆಗೆದೆ, ಏನೂ ಪ್ರಯೋಜನವಾಗಲಿಲ್ಲ.

ಲಿಲ್ಲಿ ಬಾಯಿ ಒಮ್ಮೆ ಆ ಮೇಲನ್ನು ಓದಿಸಿ ಕೇಳಿದರು. "ಇದು ಎಂತ ಮಾರಾಯ? ಮನೆಯಲ್ಲಿ ಹೇಗಿದ್ದಾರೆ ಅಂತ ಕೇಳದೆ ಸೀದಾ ಕುಸ್ವಾರ್ ಬೇಕಾ ಅಂತ ಕೇಳುವುದಾ? ನಾನು ಹೇಳ್ತೇನೆ, ನೀನು ಬರಿ."

ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಸಿದರು. ಅಮ್ಮನ ಮಂಡಿನೋವು ಹೇಗುಂಟು, ತಂಗಿಯ ಬಾಣಂತನ ಮುಗಿಯಿತಾ, ಹೊಸ ಬಾವಿಯಲ್ಲಿ ನೀರು ಬಂತಾ. ಕುಸ್ವಾರ್ ಬಂದದ್ದು ಕೊನೆಯ ಸಾಲಿನಲ್ಲಿ. ಒಂದರಂತೆ ಇನ್ನೊಂದಿರದ ಆ ಮೇಲ್‌ಗಳನ್ನು ಸ್ಪಾಮ್ ಮುಟ್ಟಲೇ ಇಲ್ಲ. ಆರ್ಡರ್ ಬಂತು, ಜೊತೆಗೆ ಉದ್ದುದ್ದ ಉತ್ತರಗಳೂ ಬಂದವು. ಲಿಲ್ಲಿ ಬಾಯಿಗೆ ಟೈಪಿಂಗ್ ಬಾರದು. ಹಬ್ಬ ಮುಗಿಯುವವರೆಗೆ ಕಂಡವರ ಮಂಡಿನೋವು ವಿಚಾರಿಸುತ್ತಾ ಕುಳಿತವನು ನಾನು.

ಈಗಿನ ಜಾಹೀರಾತುಗಳು ನನ್ನನ್ನು ಹೆಸರು ಹಿಡಿದೇ ಕರೆಯುತ್ತವೆ. ಅಮ್ಮ ಹೇಗಿದ್ದಾರೆ ಎಂದು ಮಾತ್ರ ಒಂದೂ ಕೇಳುವುದಿಲ್ಲ. ನಾನೇ ಸ್ಪಾಮಿಗೆ ತಳ್ಳುತ್ತೇನೆ.