ಗಂಡಿನ ಕೈಯಲ್ಲಿ ಕಾಣದ ನರ

1979ರ ಫೆಬ್ರವರಿಯ ಒಂದು ಭಾನುವಾರ ನನ್ನ ತಂಗಿಯನ್ನು ನೋಡಲು ಜಗಳೂರಿನವರು ನ್ಯಾಮತಿಯ ನಮ್ಮ ಮನೆಗೆ ಬಂದರು. ಗಂಡು ಚನ್ನಗಿರಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಜೊತೆಗೆ ಬಂದಿದ್ದ ಅವರ ತಂದೆ ಕುರಿ ವ್ಯಾಪಾರಿ. ಉಪ್ಪಿಟ್ಟು ಮುಗಿಯುವ ಮೊದಲೇ ತಂಗಿ ಅಡುಗೆಮನೆಯಲ್ಲಿ ನನ್ನನ್ನು ತಡೆದು, ‘ಅಣ್ಣ, ಇವರೇ ಆಗ್ಲಿ’ ಎಂದಿದ್ದಳು. ಆದರೆ ನಮ್ಮಲ್ಲಿ ಕೊನೆಯ ಮಾತು ಅಜ್ಜಿಯದು.

ಅಜ್ಜಿ ಗಂಡನ್ನು ಕೇಳಿದರು: ‘ಮನುಷ್ಯ ಮಂಗನಿಂದ ಬಂದ ಅಂತ ಹುಡುಗ್ರಿಗೆ ಕಲಿಸ್ತೀರಂತೆ, ಹೌದೇನ್ರೀ?’

‘ಮಂಗನಿಂದ ಅಲ್ರೀ ಅಜ್ಜಿ. ನಮಗೂ ಮಂಗಗಳಿಗೂ ಬಾಳ ಹಿಂದೆ ಮೂಲ ಒಂದೇ. ಅದರ ಗುರುತು ನಮ್ ಮೈಯಾಗೇ ಐತೆ.’

ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ ಮಣಿಕಟ್ಟನ್ನು ತುಸು ಬಗ್ಗಿಸಲು ಮೇಷ್ಟ್ರು ಎಲ್ಲರಿಗೂ ಹೇಳಿದರು. ಅಪ್ಪನ ಮಣಿಕಟ್ಟಿನ ನಡುವೆ ಹುರಿಯಂಥದ್ದೊಂದು ಎದ್ದು ನಿಂತಿತು. ನಾವು ನರ ಎಂದೆವು, ಅದು ಸ್ನಾಯುರಜ್ಜು. ಕೊಂಬೆ ಹಿಡಿದು ಬದುಕುವ ಮಂಗಗಳಿಗೆ ಅದು ಕೆಲಸಕ್ಕೆ ಬರುತ್ತದೆ, ನಮಗೆ ಅದರ ಅಗತ್ಯ ಅಷ್ಟಿಲ್ಲ, ಹಾಗಾಗಿ ಕೆಲವರು ಅದಿಲ್ಲದೆಯೇ ಹುಟ್ಟುತ್ತಾರೆ ಎಂದು ಅವರು ವಿವರಿಸಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಉದಾಹರಣೆಗೆಂದು ತಮ್ಮ ಕೈಯನ್ನೇ ಚಾಚಿದರು. ಅಲ್ಲಿ ಏನೂ ಏಳಲಿಲ್ಲ.

ಅಜ್ಜಿ ಕಾಫಿ ಲೋಟ ಕೆಳಗಿಟ್ಟರು. ‘ನರಾನೇ ಇಲ್ಲದ ಕೈಗೆ ಹುಡುಗಿ ಕೊಡಾಕೆ ಆಗಲ್ಲ.’

‘ಬಲ ಏನೂ ಕಮ್ಮಿ ಆಗಲ್ರೀ ಅಜ್ಜಿ.’

‘ನೀವು ಹಂಗೇ ಅಂತೀರಿ.’

ಗಂಡಿನ ತಂದೆ ಮಗನ ಕಡೆ ತಿರುಗಿದರು. ‘ಪಾಠನ ಸಾಲಿಯಾಗೇ ಬಿಟ್ಟು ಬರಾಕೆ ಏನಾಗಿತ್ತೋ ನಿನಗೆ?’

ಆಗ ತಂಗಿ ಒಳಗಿನಿಂದ ಬಂದು ಅಜ್ಜಿಯ ಪಕ್ಕದಲ್ಲಿ ಕುಳಿತಳು. ಯಾರೂ ಕರೆಯದೆ ಹೆಣ್ಣು ಹೊರಗೆ ಬರುವ ಪದ್ಧತಿ ಇರಲಿಲ್ಲ. ಅಜ್ಜಿಯ ಬಲಗೈ ಹಿಡಿದು ಬೆರಳು ಜೋಡಿಸಿದಳು: ನರ ಎದ್ದಿತು. ಎಡಗೈ ಹಿಡಿದಳು: ಮಣಿಕಟ್ಟು ನುಣ್ಣಗಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಇರಲಿಲ್ಲ.

‘ಎಮ್ಮೆ ಕರೆಯಾಕೆ ನಿಂದು ಯಾವ ಕೈ ಜೋರು ಅಜ್ಜಿ?’

‘ಎಡಗೈನೇ ಕಣೆ,’ ಎಂದ ಅಜ್ಜಿ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ‘ಇಷ್ಟು ವರ್ಷ ಯಾರೂ ಹೇಳ್ಳೇ ಇಲ್ವಲ್ಲ ನನಗೆ!’

ಮೊದಲು ನಕ್ಕವರು ಗಂಡಿನ ತಂದೆ. ‘ಹಂಗಾದ್ರೆ ನಿಮಗೂ ನಮಗೂ ಸಂಬಂಧ ಮೊದಲೇ ಐತೆ ಬಿಡ್ರೀ ಅಮ್ಮ.’

‘ಇರ್ಲಿ ತಗಳ್ರಿ. ಮಂಗ ಮಾತ್ರ ನಿಮ್ ಕಡೇದು,’ ಎಂದು ಅಜ್ಜಿ ಎಲೆ ಅಡಿಕೆ ತಟ್ಟೆ ತರಲು ನನಗೆ ಹೇಳಿದರು.

ಮದುವೆ ಅದೇ ವರ್ಷ ಮೇ ತಿಂಗಳಲ್ಲಿ ಹೊನ್ನಾಳಿಯಲ್ಲಿ ನಡೆಯಿತು. ತಂಗಿ ಚನ್ನಗಿರಿಯಲ್ಲಿ ಸಂಸಾರ ಹೂಡಿದಳು. 1984ರಲ್ಲಿ ಮೇಷ್ಟ್ರಿಗೆ ಜಗಳೂರಿಗೆ ವರ್ಗವಾಯಿತು.