ತೂಕ ಇಳಿದು ಅಯಸ್ಕಾಂತ ಏರಿದ ಜಾಗ

ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು. ಮೊಮ್ಮಗಳು ಭೂಮಿಯೊಳಗಿನ ಬಂಡೆ ಹುಡುಕುವ ಓದು ಓದಿ, ಮೆಷಿನ್ನು ಹೊತ್ತು ಪೂರಿಗಾಲಿಯ ನಮ್ಮ ಹೊಲಕ್ಕೇ ಬಂದಳು. ಹಿಗ್ಗು ತಡೆಯಲಾಗದೆ, ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಹೇಳಿ ಬಂದೆ.

ಒಂದು ಮೆಷಿನ್ನು ನೆಲದ ಸೆಳೆತ ಅಳೆಯುತ್ತದಂತೆ. ಕೆಳಗೆ ಭಾರದ ಬಂಡೆಯಿದ್ದರೆ ಅದರ ಲೆಕ್ಕ ಏರುತ್ತದೆ. ಕೋಲಿನ ತುದಿಯ ಇನ್ನೊಂದು ಅಯಸ್ಕಾಂತದ ಗುಣ ಹಿಡಿಯುತ್ತದೆ. ನಮ್ಮ ಹೊಲದಡಿ ಕರಿಕಲ್ಲಿನ ಗೋಡೆಯಂಥದ್ದು ಹಾದುಹೋಗಿದೆಯೆಂದು ಅವಳ ಎಣಿಕೆ. ನಿಜವಾದರೆ ಎರಡೂ ಒಂದೇ ಕಡೆ ಏರಬೇಕು. ಸಂಜೆಗೆ ಮೆಷಿನ್ನು ವಾಪಸು ಹೋಗುವುದಿತ್ತು.

"ತಾತ, ದೂರ ನಿಂತ್ಕೊ. ನಿನ್ನ ಉಡದಾರದ ಬೀಗದ ಕೈಗೂ ಇದು ಕುಣೀತದೆ."

"ನಿನ್ನ ನೋಡಿ ನಾನೇ ಕುಣೀತಿವ್ನಿ, ಅದ್ರದ್ದೇನ್ ಬುಡವ್ವ!"

ಹೊಂಗೆ ಮರದಾಚೆ ಅಯಸ್ಕಾಂತದ ಲೆಕ್ಕ ನೆಗೆಯಿತು. ಅವಳು ಕಿರುಚಿದಳು, ಏನೂ ತಿಳಿಯದೆ ನಾನೂ ಕಿರುಚಿದೆ. ಸೆಳೆತದ ಮೆಷಿನ್ನನ್ನು ಅಲ್ಲೇ ಮಟ್ಟ ಮಾಡಿ ನೋಡಿದರೆ, ಇಳಿದಿತ್ತು. ತನ್ನದೇ ತಪ್ಪಿರಬೇಕೆಂದು ಹೊಲದುದ್ದ ತಾನು ನೆಟ್ಟಿದ್ದ ಗೂಟಗಳಲ್ಲಿ ಮೊದಲನೆಯದರಿಂದ ಮತ್ತೆ ಅಳೆದಳು. ಮತ್ತೆ ಇಳಿದಿತ್ತು. ಮೂರನೇ ಸಲಕ್ಕೆ ಅವಳ ಕಣ್ಣು ತುಂಬಿತು.

"ಸಡಿಲ ಮಣ್ಣಿದ್ದಂಗೆ ತೋರಿಸ್ತದೆ ತಾತ. ಸಡಿಲ ಮಣ್ಣಲ್ಲಿ ಇಷ್ಟೊಂದು ಕಬ್ಬಿಣ ಎಲ್ಲಿಂದ ಬತ್ತದೆ?"

ಕಬ್ಬಿಣ ಎಂದೊಡನೆ ನನಗೆ ಹೊಳೆಯಿತು. ಬೋರು ಕೊರೆಸಿದ ವರ್ಷ ಬತ್ತಿದ ಬಾವಿಯನ್ನು ಅಲ್ಲೇ ಮುಚ್ಚಿಸಿದ್ದೆ. ಕೆಟ್ಟ ಪಂಪು, ಪೈಪು, ಮುರಿದ ನೇಗಿಲು ಒಳಕ್ಕೆ ತಳ್ಳಿ, ಮಣ್ಣು ಸುರಿದು, ಮೇಲೆ ರಾಗಿ ಬಿತ್ತಿದ್ದೆ. ಗಂಗಮ್ಮನಿಗೆ ಅರಿಶಿನ ಕುಂಕುಮ ಹಾಕಿ ಮುಚ್ಚಿದ ಬಾವಿಯ ಸುದ್ದಿಯನ್ನು ನಮ್ಮ ಮನೆಯಲ್ಲಿ ಮತ್ತೆ ಎತ್ತುವುದಿಲ್ಲ. ಹಾಗಾಗಿ ಅವಳ ಕಿವಿಗೆ ಅದು ಬಿದ್ದಿರಲೇ ಇಲ್ಲ.

ಹೇಳಿದರೆ ಅವಳ ಬಂಡೆ ಹೋಗುತ್ತದೆ; ಸುಮ್ಮನಿದ್ದರೆ ಬಿಸಿಲಲ್ಲಿ ಇನ್ನೂ ಅಳೆಯುತ್ತಾಳೆ. "ಅಲ್ಲಿ ಬಾವಿ ಇತ್ತು ಕಣವ್ವ, ಹಳೇ ಪಂಪು ಪೈಪು ಹಾಕಿ ಮುಚ್ಚುಸ್ದೆ," ಎಂದೆ.

ನನ್ನನ್ನೇ ನೋಡಿದಳು. "ಮೊದ್ಲೇ ಯೋಳ್ಬಾರ್ದಾ ತಾತ?"

ಬಾವಿಯ ಅಗಲ, ಆಳ ಕೇಳಿ ಬರೆದುಕೊಂಡಳು. "ನಿನ್ನ ಬಾವೀನ ಎರಡೂ ಸರಿಯಾಗೇ ಹಿಡಿದವೆ. ಅಯಸ್ಕಾಂತದ ಮೆಷಿನ್ ಒಂದನ್ನೇ ತಂದಿದ್ರೆ ಬಂಡೆ ಅಂತ್ಲೇ ಬರ್ಕೊಂಡು ಹೋಗ್ತಿದ್ದೆ."

ಅಗೆಯದೆ ನೆಲದೊಳಗನ್ನು ಓದುವ ಹುಡುಗಿ ನನ್ನ ಮೊಮ್ಮಗಳು! ಎತ್ತಿ ಕುಣಿಸಬೇಕೆನಿಸಿತು. ಆದರೆ ಮೆಷಿನ್ನು ಒಯ್ಯುವ ಜೀಪು ಬಂದಿತ್ತು. ಅವಳು ಒಂದೊಂದೇ ಗೂಟ ಕೀಳುತ್ತಿದ್ದಳು. ಅವಳಿಗೆ ಬೇಕಾದ ಬಂಡೆಯನ್ನು ನಾನು ಎಲ್ಲಿಂದ ತಂದುಕೊಡಲಿ? ಇನ್ನೊಂದು ಕಡೆಯ ಗೂಟ ಕೀಳಲು ಹೋದೆ.